ನೂರು ಪುಸ್ತಕದ ಜಗಳ

ಭಾನುವಾರ ಬೆಳಗ್ಗೆ ನಮ್ಮ 'ಹಳೇಮನೆ ಬಳಗ' ಗುಂಪಲ್ಲಿ ಸಾಮಾನ್ಯವಾಗಿ ತಿಂಡಿ ಫೋಟೋ ಬರುತ್ತೆ. ಈ ಸಲ ಜಗಳ ಬಂತು. ಎಲ್ಲರನ್ನೂ ಕೇಳಿ, ಹೆಸರು ತೆಗೆದು ಇಲ್ಲಿ ಹಾಕ್ತಿದ್ದೀನಿ. ನಡುವೆ ಬಂದ ಶುಭೋದಯದ ಹೂವುಗಳನ್ನೂ ತೆಗೆದಿದ್ದೀನಿ.

ಭಾವ: [ಚಿತ್ರ: ಸಾಯುವ ಮುನ್ನ ಓದಲೇಬೇಕಾದ 100 ಪುಸ್ತಕಗಳು]

ಭಾವ: ಎಲ್ಲಾ ವಿಷಯದ್ದೂ ಇದೆ. ಕಾದಂಬರಿ, ಇತಿಹಾಸ, ಸೈನ್ಸ್, ಎಕನಾಮಿಕ್ಸ್. ಮಕ್ಕಳಿಗೆ ಸೇವ್ ಮಾಡಿಟ್ಕೊಳ್ಳಿ 🙏

ಸಾಗರದ ಚಿಕ್ಕಪ್ಪ: ನನಗೀಗ 74. ತಿಂಗಳಿಗೆ ಎಷ್ಟರಂತೆ ಮುಗಿಸಬೇಕು ಅಂತ ಕೆಳಗೆಲ್ಲಾದ್ರೂ ಬರೆದಿದ್ದಾರಾ?

ಭಾವ: ಮಾವ, ಬೆಳಗ್ಗೆ ಬೆಳಗ್ಗೆನೇ ಶುರು ಮಾಡಬೇಡಿ

ಸಾಗರದ ಚಿಕ್ಕಪ್ಪ: ಶುರು ಮಾಡಿದ್ದು ಅಳಿಯಂದಿರು. ಝೂಮ್ ಮಾಡಿ ನೋಡಿದೆ. ನೂರರಲ್ಲಿ ಕನ್ನಡದ್ದು ಒಂದೇ ಒಂದು. ಅದೂ 'ಹಾರ್ಟ್ ಲ್ಯಾಂಪ್'.

ಪುಟ್ಟಿ: ಒಂದಾದ್ರೂ ಇದೆಯಲ್ಲ ಚಿಕ್ಕಪ್ಪ

ಸಾಗರದ ಚಿಕ್ಕಪ್ಪ: ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕತೆ ಅದರಲ್ಲಿ. 1990ರಿಂದ 2023ರ ತನಕ ಬರೆದದ್ದು. ಅಷ್ಟು ವರ್ಷ ನಮ್ಮ ಕಣ್ಣಿಗೇ ಬೀಳಲಿಲ್ಲ. 2025ರ ಮೇ ತಿಂಗಳಲ್ಲಿ ಲಂಡನ್ನಿನವರು ಇಂಟರ್‌ನ್ಯಾಷನಲ್ ಬೂಕರ್ ಕೊಟ್ಟ ಮೇಲೆ ಅಳಿಯಂದಿರ ಪಟ್ಟಿಗೆ ಬಂತು. ಇದಕ್ಕೆ ಪುಸ್ತಕ ಹುಡುಕೋದು ಅಂತಾರಾ?

ದೊಡ್ಡಮ್ಮ: ನಮ್ಮ ಕಣ್ಣಿಗೆ ಅನ್ನಬೇಡಿ, ನಿಮ್ಮ ಕಣ್ಣಿಗೆ ಅನ್ನಿ. ಕಾಸರವಳ್ಳಿಯವರ 'ಹಸೀನಾ' ಸಿನಿಮಾ ಬಂದಿತ್ತಲ್ಲ 2004ರಲ್ಲಿ, ತಾರಾ ಮಾಡಿದ್ದು? ಅದು ಬಾನು ಅವರ 'ಕರಿನಾಗರಗಳು' ಕತೆ ಅಂತ ಗೊತ್ತಾಗಿ ನಿಮ್ಮಣ್ಣನ ಕೈಲಿ ಪುಸ್ತಕ ತರಿಸಿ ಓದಿದೀನಿ.

ಸಾಗರದ ಚಿಕ್ಕಪ್ಪ: ಅತ್ತಿಗೆ, ನಾನೂ ಅದನ್ನೇ ಹೇಳ್ತಿರೋದು. ನಿಮಗ್ಯಾರೂ ಪಟ್ಟಿ ಕೊಟ್ಟಿರಲಿಲ್ಲ.

ಪುಟ್ಟಿ: ಇಲ್ಲ, ನೀವು ಹೇಳಿದ್ದು ಬೇರೆ. ದೊಡ್ಡಮ್ಮನ್ನ ಸಿನಿಮಾ ಕರ್ಕೊಂಡು ಹೋಯ್ತು, ನನ್ನನ್ನ ಬೂಕರ್. ದೀಪಾ ಭಾಸ್ತಿ ಮಾಡಿದ ಇಂಗ್ಲಿಷ್ ಓದಿ ಆಮೇಲೆ ಕನ್ನಡ ಓದಿದವಳು ನಾನು. ಅದರಲ್ಲಿ ತಲೆ ತಗ್ಗಿಸೋದೇನಿದೆ?

ಭಾವ: ನೋಡಿ 👆

ಸಾಗರದ ಚಿಕ್ಕಪ್ಪ: ಪುಸ್ತಕ ಹೇಗೆ ಸಿಗುತ್ತೆ ಅಂತ ನಾನು ಹೇಳ್ತೀನಿ ಕೇಳಿ. ಒಂದು ಮಳೆಗಾಲ ಅಡಿಕೆ ತೋಟಕ್ಕೆ ಕೊಳೆರೋಗ ಬಿತ್ತು. ಅದಕ್ಕೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಎಷ್ಟು, ಸುಣ್ಣ ಎಷ್ಟು ನೋಡೋಣ ಅಂತ ಲೈಬ್ರರಿಗೆ ಹೋದೆ. ಕೃಷಿ, ಗಿಡ-ಮರ ಎಲ್ಲ ಒಂದೇ ಕಪಾಟು. ಅಡಿಕೆ ಪುಸ್ತಕ ಎಳೆದರೆ ಪಕ್ಕದ್ದು ಜಾರಿ ಕಾಲ ಮೇಲೆ ಬಿತ್ತು. ಬಿ.ಜಿ.ಎಲ್. ಸ್ವಾಮಿ, 'ಹಸುರು ಹೊನ್ನು'. ವಿದ್ಯಾರ್ಥಿಗಳನ್ನ ಕಟ್ಕೊಂಡು ಘಟ್ಟ ಅಲೆದು ಗಿಡ ಹುಡುಕಿದ ಕತೆ. ಚಿತ್ರಗಳೂ ಅವರೇ ಬರೆದದ್ದು. ನಿಂತಲ್ಲೇ ಓದ್ತಾ ನಗೋಕೆ ಶುರು ಮಾಡಿದೆ. ಪೇಪರ್ ಓದ್ತಿದ್ದವರೆಲ್ಲ ತಲೆಯೆತ್ತಿ ನೋಡಿದ್ರು. ಮೈಲುತುತ್ತ ಮರೆತೇ ಹೋಯ್ತು. ಆ ವರ್ಷ ಅರ್ಧ ಫಸಲು ಉದುರಿತು, ಅದು ಬೇರೆ ವಿಷಯ.

ಪುಟ್ಟಿ: 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ ಅದು! ಸಾಹಿತ್ಯದ ಕಪಾಟಲ್ಲಿ ಇರಬೇಕಿತ್ತು. ಯಾರೋ ತಪ್ಪು ಜಾಗದಲ್ಲಿ ಇಟ್ಟಿದ್ದಕ್ಕೆ ನಿಮಗೆ ಸಿಕ್ತು, ಅಷ್ಟೆ.

ನಾನು: ತಪ್ಪು ಅನ್ನೋಕೂ ಆಗಲ್ಲ ಪುಟ್ಟಿ. ಲೈಬ್ರರಿಗಳಲ್ಲಿ ವಿಷಯಕ್ಕೊಂದು ನಂಬರ್ ಕೊಡೋ ಡ್ಯೂಯಿ ಲೆಕ್ಕದಲ್ಲಿ ಸಸ್ಯಶಾಸ್ತ್ರ 580, ಕನ್ನಡ ಸಾಹಿತ್ಯ 894.814. ಪುಸ್ತಕ ಎರಡೂ ಕಡೆ ಸಲ್ಲುತ್ತೆ, ಬೆನ್ನಿಗೆ ಅಂಟಿಸೋ ಚೀಟಿ ಮಾತ್ರ ಒಂದೇ. ಒಂದು ಪುಸ್ತಕದ ಹಲವು ಮುಖಗಳನ್ನ ನಂಬರಲ್ಲಿ ತರಬೇಕು ಅಂತಲೇ ರಂಗನಾಥನ್ 1933ರಲ್ಲಿ ಕೋಲನ್ ಪದ್ಧತಿ ಮಾಡಿದ್ದು.

ಭಾವ: ಯಾವ ರಂಗನಾಥನ್?

ನಾನು: ಎಸ್.ಆರ್. ರಂಗನಾಥನ್. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಲ್ಲಿ ಗಣಿತದ ಮೇಷ್ಟ್ರಾಗಿದ್ದವರು, ಆಮೇಲೆ ಅಲ್ಲಿನ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದರು. ಕೊನೆಗಾಲ ಬೆಂಗಳೂರಲ್ಲೇ ಕಳೆದರು. ಅವರ ಐದು ಸೂತ್ರ ಲೈಬ್ರರಿಯವರಿಗೆಲ್ಲ ಬಾಯಿಪಾಠ. ಎರಡನೇದು, ಪ್ರತಿ ಓದುಗನಿಗೂ ಅವನ ಪುಸ್ತಕ. ಮೂರನೇದು, ಪ್ರತಿ ಪುಸ್ತಕಕ್ಕೂ ಅದರ ಓದುಗ.

ಸಾಗರದ ಚಿಕ್ಕಪ್ಪ: ಮೂರನೇದೇ ನನ್ನ ಕಾಲ ಮೇಲೆ ಬಿದ್ದಿದ್ದು

ಪುಟ್ಟಿ: ನಿಮಗೆ ಕಪಾಟಿತ್ತು ಚಿಕ್ಕಪ್ಪ. ನನ್ನ ಪಿ.ಜಿ.ಯಲ್ಲಿ ಮಂಚದ ಕೆಳಗಿನ ಸೂಟ್‌ಕೇಸೇ ಕಪಾಟು. ಆ್ಯಪಲ್ಲಿ ಒಂದು ಕಾದಂಬರಿ ತಗೊಂಡ್ರೆ ಅಂಥದ್ದೇ ಇನ್ನು ಹದಿನೈದು ತೋರಿಸುತ್ತೆ, ಒಪ್ತೀನಿ. ಅಡಿಕೆ ಕೇಳಿದವರಿಗೆ ಅಡಿಕೆನೇ ಕೊಡುತ್ತೆ, ಸ್ವಾಮಿ ಬೀಳಲ್ಲ. ಅದಕ್ಕೆ ನಾನು ಬೇರೆ ದಾರಿ ಹಿಡಿದಿದ್ದೀನಿ. ತೇಜಸ್ವಿಯವರ 'ಕರ್ವಾಲೊ' ಮುಗಿಸಿದ ರಾತ್ರಿ ಅದರಲ್ಲಿ ಬರೋ ಹಾರುವ ಓತಿ ನಿಜಕ್ಕೂ ಇದೆಯಾ ಅಂತ ಹುಡುಕಿದೆ. ಇದೆ, ನಮ್ಮ ಘಟ್ಟದಲ್ಲೇ. ಹಾರಲ್ಲ, ಪಕ್ಕೆಲುಬಿನ ಮೇಲಿನ ಚರ್ಮ ಕೊಡೆ ಥರ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತೆ. ಅಲ್ಲಿಂದ ಸರೀಸೃಪಗಳ ಪುಸ್ತಕಕ್ಕೆ ಹೋದೆ, ಅದರ ಗ್ರಂಥಋಣ ಹಿಡಿದು ಪಶ್ಚಿಮ ಘಟ್ಟದ ಭೂವಿಜ್ಞಾನಕ್ಕೆ. ಈಗ ಕಲ್ಲುಬಂಡೆ ಬಗ್ಗೆ ಓದ್ತಿದ್ದೀನಿ, ಅರ್ಧಕ್ಕರ್ಧ ಅರ್ಥ ಆಗಲ್ಲ, ಆದ್ರೂ ಬಿಡೋಕೆ ಮನಸ್ಸಿಲ್ಲ. ಯಾವ ಪಟ್ಟಿನೂ ಓತಿಯಿಂದ ಬಂಡೆಗೆ ಕರ್ಕೊಂಡು ಹೋಗಲ್ಲ. ಸಾರಿ ಭಾವ.

ಭಾವ: ಹೂಂ, ಎಲ್ಲರೂ ಸೇರಿ ನನಗೇ ಹೇಳಿ. ನಿಮಗೆಲ್ಲ ಚಿಕ್ಕಂದಿನಿಂದ ಮನೇಲಿ ಪುಸ್ತಕ ಇತ್ತು. ನಮ್ಮನೇಲಿ ಇದ್ದದ್ದು ಪಂಚಾಂಗ ಒಂದೇ. ಒಂದು ಪಟ್ಟಿ ಬಂದ್ರೆ ನಾಲ್ಕು ಹೆಸರಾದ್ರೂ ಗೊತ್ತಾಗುತ್ತೆ. ಲೈಬ್ರರಿಗೆ ಹೋದ್ರೆ ಯಾವ ಕಪಾಟಿನ ಮುಂದೆ ನಿಲ್ಲಬೇಕು ಅನ್ನೋದೇ ನನಗೆ ಗೊತ್ತಾಗಲ್ಲ. ಯಾರಾದ್ರೂ ಬಂದು 'ಏನು ಬೇಕಿತ್ತು' ಅಂದ್ರೆ ಏನು ಹೇಳಲಿ?

ಇದಾದ ಮೇಲೆ ಹತ್ತು ನಿಮಿಷ ಯಾರೂ ಉಸಿರೆತ್ತಲಿಲ್ಲ. ಚಿಕ್ಕಪ್ಪ ಟೈಪ್ ಮಾಡೋದು, ನಿಲ್ಲಿಸೋದು ಮೇಲ್ಗಡೆ ಕಾಣ್ತಿತ್ತು.

ದೊಡ್ಡಮ್ಮ: ಅಳಿಯಂದಿರ ಮಾತು ಸರಿ. ಮದುವೆಯಾಗಿ ಮೈಸೂರಿಗೆ ಬಂದ ಹೊಸದರಲ್ಲಿ ನಾನೂ ಲೈಬ್ರರಿ ಬಾಗಿಲ ತನಕ ಹೋಗಿ ವಾಪಸ್ ಬರ್ತಿದ್ದೆ.

ನಾನು: ಭಾವ, ನಿಮ್ಮ ಮನೆ ಆಸ್ತಿ ತೆರಿಗೆ ರಸೀದಿ ತೆಗೀರಿ. ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ ನೋಡಿ. ತೆರಿಗೆ ಮೇಲೆ ನೂರಕ್ಕೆ 6.

ಭಾವ: [ಫೋಟೋ: ತೆರಿಗೆ ರಸೀದಿ]

ಭಾವ: ಅರೆ ಹೌದು! ಭಿಕ್ಷುಕರ ಕರದ ಪಕ್ಕದಲ್ಲೇ ಇದೆ. ಇಷ್ಟು ವರ್ಷ ಕಟ್ಕೊಂಡು ಬಂದಿದ್ದೀನಲ್ರೀ

ನಾನು: ದುಡ್ಡು ಕೊಟ್ಟಾಗಿದೆ. ಇನ್ನು ಯಾರಾದ್ರೂ ಏನು ಬೇಕಿತ್ತು ಅಂದ್ರೆ ರಸೀದಿ ತೋರಿಸಿ.

ಸಾಗರದ ಚಿಕ್ಕಪ್ಪ: ಅಳಿಯಂದಿರೇ, ಬೇಜಾರು ಮಾಡ್ಕೋಬೇಡಿ. ನಾನು ಮಾತಾಡಿದ್ದು ಜಾಸ್ತಿಯಾಯ್ತು.

ಭಾವ: ಇರ್ಲಿ ಬಿಡಿ ಮಾವ. ಆ 'ಹಸುರು ಹೊನ್ನು' ಹೇಗಿರುತ್ತೆ, ಒಂದು ಫೋಟೋ ಹಾಕಿ. ಹಾಗೆ ನಗಿಸೋ ಪುಸ್ತಕ ಅಂದ್ರೆ ಓದ್ತೀನಿ.

ಸಾಗರದ ಚಿಕ್ಕಪ್ಪ: [ಫೋಟೋ]

ಪುಟ್ಟಿ: ಚಿಕ್ಕಪ್ಪ

ಪುಟ್ಟಿ: ಬೆನ್ನ ಮೇಲೆ 580 ಅಂತ ಚೀಟಿ ಇದೆ

ಪುಟ್ಟಿ: ಒಳಗಿನ ಪುಟ ತೆಗೀರಿ

ಸಾಗರದ ಚಿಕ್ಕಪ್ಪ: ಕರೆಂಟ್ ಹೋಯ್ತು

ದೊಡ್ಡಮ್ಮ: ಹನ್ನೊಂದು ಗಂಟೆ ಬಿಸಿಲಲ್ಲಿ ಫೋಟೋ ತೆಗೆಯೋಕೆ ಕರೆಂಟ್ ಯಾಕೆ?

ಸಾಗರದ ಚಿಕ್ಕಪ್ಪ: [ಫೋಟೋ]

ನೇರಳೆ ಬಣ್ಣದ ದುಂಡು ಮೊಹರು. ಎದುರಿನ ಪುಟದಲ್ಲಿ ದಿನಾಂಕದ ಚೀಟಿ, ಒಂದು ಅಂಚು ಗೆದ್ದಲು ತಿಂದಿದೆ. ಕೊನೇ ಮುದ್ರೆ 16 ಆಗಸ್ಟ್ 1983.

ಭಾವ: ಮಾವ, ದಿನಕ್ಕೆ ಹತ್ತು ಪೈಸೆ ದಂಡ ಹಿಡಿದ್ರೂ ಸಾವಿರದ ಐನೂರು ದಾಟುತ್ತೆ

ಪುಟ್ಟಿ: ಅಂದ್ರೆ ನಲವತ್ತೆರಡು ವರ್ಷದಿಂದ ಅದು ಇನ್ಯಾರ ಕಾಲ ಮೇಲೂ ಬಿದ್ದಿಲ್ಲ

ಸಾಗರದ ಚಿಕ್ಕಪ್ಪ: ನಾಳೆ ಸೋಮವಾರ, ಲೈಬ್ರರಿ ರಜೆ. ಮಂಗಳವಾರ ಹೋಗ್ತೀನಿ.

ಭಾವ: ಅಡಿಕೆ ಪಕ್ಕದಲ್ಲೇ ಇಡೋಕೆ ಹೇಳಿ ಮಾವ