ಪಿಯು ರೋಲರ್ ಹಾಕಿದ ಚಾಲಿ ಮೆಷಿನ್: ಪೇಟೆಂಟ್ ಮಾಡಿಸುವುದು ಕೆಮಿಕಲ್‌ಗೋ, ಮೆಷಿನ್‌ಗೋ?

ಪುತ್ತೂರು ಕಡೆಯವ (ಪ್ರಶ್ನೆ)

ನಮಸ್ಕಾರ. ನನ್ನದೊಂದು ಸಣ್ಣ ವೆಲ್ಡಿಂಗ್ ಶಾಪ್ ಉಂಟು. ಚಾಲಿ ಅಡಿಕೆ ಸುಲಿಯುವ ಮೆಷಿನ್‌ಗಳು ರಿಪೇರಿಗೆ ಬರ್ತವೆ. ಎಲ್ಲದರದ್ದೂ ಒಂದೇ ರಗಳೆ: ದೊಡ್ಡ ಅಡಿಕೆಗೆ ಗ್ಯಾಪ್ ಸೆಟ್ ಮಾಡಿದರೆ ಸಣ್ಣದು ಸಿಪ್ಪೆ ಸಮೇತ ಕೆಳಗೆ ಬೀಳ್ತದೆ, ಸಣ್ಣದಕ್ಕೆ ಸೆಟ್ ಮಾಡಿದರೆ ದೊಡ್ಡದು ಒಡೀತದೆ. ಒಡೆದದ್ದಕ್ಕೆ ರೇಟಿಲ್ಲ.

ನಾನು ರಬ್ಬರ್ ತೆಗೆದು ಎರಡು ಪದರದ ಪಿಯು (ಪಾಲಿಯುರೆಥೇನ್, ರಬ್ಬರಿನಂಥ ಪ್ಲಾಸ್ಟಿಕ್) ರೋಲರ್ ಮಾಡಿದ್ದೇನೆ. ಒಳಗಿನ ಪದರ ಗಟ್ಟಿ, 90 ಶೋರ್ ಎ (ಗಡಸುತನದ ಅಳತೆ). ಹೊರಗಿನದು ಮೆತ್ತಗೆ, 60ರ ಹತ್ತಿರ. ಎದುರಿನ ರೋಲರ್ ಸ್ಪ್ರಿಂಗ್ ತೋಳಿನ ಮೇಲೆ ಕೂತಿದೆ, ದೊಡ್ಡ ಅಡಿಕೆ ಬಂದರೆ ಹಿಂದೆ ಸರೀತದೆ. ಸ್ಪ್ರಿಂಗ್ ಮಾತ್ರ ಹಾಕಿದರೆ ರೋಲರ್ ಜಿಗಿದು ಅಡಿಕೆ ಒಡೀತದೆ. ಮೆತ್ತನೆ ಪದರ ಮಾತ್ರ ಹಾಕಿದರೆ ಸಿಪ್ಪೆಗೆ ಹಿಡಿತ ಸಿಗುವುದಿಲ್ಲ. ಎರಡೂ ಇದ್ದರೆ ಗ್ರೇಡ್ ಮಾಡದೆ ಸುರಿದರೂ ಚಂದ ಸುಲೀತದೆ.

ಕೆಮಿಕಲ್ ಬೆಂಗಳೂರಿನಿಂದ ತರಿಸುವುದು, ಅದನ್ನು ಗಟ್ಟಿ ಮಾಡುವ ಮೋಕಾದ ಪ್ರಮಾಣ ಸ್ವಲ್ಪ ನನ್ನದೇ ಲೆಕ್ಕ. ಪೇಟೆಂಟ್ ಮಾಡಿಸುವುದಾದರೆ ಯಾವುದಕ್ಕೆ? ಒಂದೋ, ಎರಡೋ? ಊರವರು ವಿಡಿಯೊ ಹಾಕು ಅಂತ ಒತ್ತಾಯ ಮಾಡ್ತಿದ್ದಾರೆ. ಹಾಕಬಹುದಾ?

ಖಾಲಿ ಕಿಸೆ

ಪಿಯು ರೋಲರ್ ಪ್ರಿಂಟಿಂಗ್ ಪ್ರೆಸ್ಸಿಂದ ಹಿಡಿದು ಗಣಿಯ ಕನ್ವೇಯರ್‌ವರೆಗೆ ಎಲ್ಲಾ ಕಡೆ ಇದೆ. ರಬ್ಬರ್ ಬದಲು ಪಿಯು ಹಾಕಿದೆ ಅಂದರೆ ಯಾರು ಪೇಟೆಂಟ್ ಕೊಡ್ತಾರೆ? ದುಡ್ಡು ದಂಡ. ಆ ದುಡ್ಡಲ್ಲಿ ಇನ್ನೊಂದು ಮೆಷಿನ್ ಮಾಡಿ ಮಾರಿ.

ಪೀಣ್ಯ ಎರಕದವನು

ಮೇಲಿನವರ ಮಾತು ಅರ್ಧ ಸರಿ. ಪಿಯು ಎರಕ ಹೊಯ್ಯೋದೇ ನನ್ನ ಹೊಟ್ಟೆಪಾಡು, ಹಂಗಾಗಿ ಇನ್ನರ್ಧ ನಾನು ಹೇಳ್ತೀನಿ.

ಮೊದಲು ಕೆಮಿಕಲ್ ಆಸೆ ಬಿಡಿ. ಡಬ್ಬದೊಳಗಿನ ಪ್ರಿಪಾಲಿಮರ್ (ಅರ್ಧ ತಯಾರಾದ ಪಿಯು) ಸಪ್ಲೈಯರ್‌ದು. ಮೋಕಾನ ಲೆಕ್ಕದ 95 ಪರ್ಸೆಂಟ್ ಬದಲು 90 ಹಾಕಿದರೆ ಒತ್ತಿದ ಮೇಲೆ ಮತ್ತೆ ಆಕಾರಕ್ಕೆ ಬರೋ ಗುಣ ಸುಧಾರಿಸುತ್ತೆ, 100ರ ಕಡೆ ಹೋದರೆ ಹರಿದುಹೋಗೋದು ಕಮ್ಮಿ ಆಗುತ್ತೆ. ಇದೆಲ್ಲ ಡೇಟಾಶೀಟಿನಲ್ಲೇ ಅಚ್ಚಾಗಿರುತ್ತೆ. ಪ್ರತಿ ಪಿಯು ಶಾಪಿನ ಹುಡುಗನಿಗೂ ಗೊತ್ತಿರೋದಕ್ಕೆ ಪೇಟೆಂಟ್ ಎಲ್ಲಿಂದ ಬರಬೇಕು?

ಆದರೆ 'ಹಳೇ ವಸ್ತು, ಅದಕ್ಕೇ ಆಗಲ್ಲ' ಅನ್ನೋದನ್ನ ನಾನು ಒಪ್ಪಲ್ಲ. ಪಿಯು ಹುಟ್ಟಿದ್ದೇ ಇನ್ನೊಬ್ಬರ ಪೇಟೆಂಟ್ ಬೇಲಿ ಸುತ್ತಿಕೊಂಡು ಹೋಗೋಕೆ. ಆಗ ನೈಲಾನ್ ದಾರಿಯನ್ನೆಲ್ಲ ಅಮೆರಿಕದ ಡುಪಾಂಟ್ ಪೇಟೆಂಟ್ ಹಾಕಿ ಮುಚ್ಚಿತ್ತು. ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಐ.ಜಿ. ಫಾರ್ಬೆನ್ ಕಂಪನಿಯ ಒಟ್ಟೊ ಬಾಯರ್ ತಂಡ ಬೇರೆ ದಾರಿ ಹಿಡೀತು. ನೈಲಾನ್ ಕೂಡುವಾಗ ನೀರು ಹೊರಗೆ ಬೀಳುತ್ತೆ. ಇವರು ಐಸೊಸಯನೇಟ್, ಪಾಲಿಯಾಲ್ ಅನ್ನೋ ಎರಡು ಕೆಮಿಕಲ್ ಸೇರಿಸಿದರು, ಏನೂ ಹೊರಗೆ ಬೀಳದೆ ಕೊಂಡಿ ಕೂಡಿಕೊಳ್ತು. ಪೇಟೆಂಟ್ ಅರ್ಜಿ 1937ರ ನವೆಂಬರ್‌ನಲ್ಲಿ ಹಾಕಿದರು. (ಬಾಯರ್ ಅನ್ನೋ ಔಷಧ ಕಂಪನಿ ಕಟ್ಟಿದ ಮನೆತನಕ್ಕೂ ಇವರಿಗೂ ನೆಂಟಸ್ತಿಕೆ ಇಲ್ಲ, ಹೆಸರೊಂದೇ.) ಶುರುವಿನಲ್ಲಿ ಎರಕದ ತುಂಬ ಗುಳ್ಳೆ ಬರೋದು, ಸ್ವಿಸ್ ಚೀಸಿನ ನಕಲಿಗೆ ಬೇಕಾದರೆ ಆದೀತು ಅಂತ ಟೆಸ್ಟಿಂಗಿನವರು ಗೇಲಿ ಮಾಡಿದ್ದರಂತೆ. ಐಸೊಸಯನೇಟಿಗೆ ನೀರು ತಾಗಿದರೆ ಇಂಗಾಲದ ಡೈಆಕ್ಸೈಡ್ ಏಳುತ್ತೆ, ಗುಳ್ಳೆ ಅದರದ್ದೇ. ಆಮೇಲೆ ಅದೇ ಗುಳ್ಳೆಯಿಂದ ಹಾಸಿಗೆ, ಸೋಫಾದ ಫೋಮ್ ಬಂತು. ನಿಮ್ಮೂರ ಮಳೆಗಾಲದಲ್ಲಿ ಡಬ್ಬದ ಮುಚ್ಚಳ ತೆಗೆದಿಟ್ಟರೆ ನಿಮಗೂ ರೋಲರ್ ಬದಲು ಫೋಮ್ ಸಿಗುತ್ತೆ. ಮಿಕ್ಕಿದ್ದರ ಮೇಲೆ ಒಣ ನೈಟ್ರೋಜನ್ ಬಿಟ್ಟು ಮುಚ್ಚಿ.

ಈಗ ನಿಮ್ಮ ಮೆಷಿನ್. ನಿಮ್ಮ ಆಸ್ತಿ ಇರೋದು 'ಒಂದೊಂದೇ ಹಾಕಿದರೆ ಆಗಲ್ಲ, ಎರಡೂ ಸೇರಿದರೆ ಆಗ್ತದೆ' ಅನ್ನೋ ಮಾತಲ್ಲಿ. ಆದರೆ ಅದು ಬಾಯಿಮಾತು. ಒಂದೇ ತೋಟದ, ಒಂದೇ ಒಣಗಿನ ಅಡಿಕೆ ತಗೊಂಡು ಸಮ ಪಾಲು ಮಾಡಿ. ಒಂದು ಪಾಲು ಸ್ಪ್ರಿಂಗ್ ಮಾತ್ರ ಇಟ್ಟು, ಒಂದು ಪಾಲು ಎರಡು ಪದರ ಮಾತ್ರ ಇಟ್ಟು, ಇನ್ನೊಂದು ಎರಡನ್ನೂ ಇಟ್ಟು ಓಡಿಸಿ. ಒಡೆದದ್ದು, ಸುಲಿಯದೆ ಉಳಿದದ್ದು ಎಣಿಸಿ, ತಾರೀಖು ಹಾಕಿ ಬರೆದಿಡಿ. ರೋಲರ್ ಬೆಚ್ಚಗಾದ ಮೇಲೂ ಎಣಿಸಿ. ಪಿಯು ಸವೆಯೋದು ಕಮ್ಮಿ, ಆದರೆ ಒತ್ತಿ ಬಿಟ್ಟು ಒತ್ತಿ ಬಿಟ್ಟು ಒಳಗೇ ಬಿಸಿ ಕಟ್ಟುತ್ತೆ, ಎರಡು ಪದರ ಕೂಡೋ ಜಾಗದಲ್ಲೇ ಮೊದಲು ಬಿಡೋದು.

ಆ ಕೂಡಿಕೆ ನೀವು ಹೆಂಗೆ ಮಾಡ್ತೀರೋ ಕೇಳಲ್ಲ. ಒಳಪದರ ಕಟ್ಟಿಕೊಂಡು, ಪೂರ್ತಿ ಬೇಯೋ ಮುಂಚೆ ಮೇಲಿನದು ಹೊಯ್ದರೆ ಎರಡೂ ಒಂದಾಗುತ್ತೆ. ಎಷ್ಟು ಹೊತ್ತಿಗೆ ಹೊಯ್ದಿರಿ ಅಂತ ರೋಲರ್ ಕುಯ್ದು ನೋಡಿದರೂ ಯಾರಿಗೂ ಗೊತ್ತಾಗಲ್ಲ. ಕಣ್ಣಿಗೆ ಕಾಣೋ ತೋಳು, ಸ್ಪ್ರಿಂಗು, ಪದರಕ್ಕೆ ಪೇಟೆಂಟ್ ಹಾಕಿ; ಕಾಣದ ಟೈಮಿಂಗನ್ನ ಗುಟ್ಟಾಗಿಡಿ. ಇದು ನನ್ನ ಸಲಹೆ.

ಅರ್ಜಿ ಬರೆಯುವವಳು

ನಾನು ಪೇಟೆಂಟ್ ಏಜೆಂಟ್. ಎರಕದವರ ಮಾತಿನಲ್ಲಿ ಒಂದನ್ನು ತಡೆಯಲೇಬೇಕು. ಪೇಟೆಂಟ್ ಕಾಯ್ದೆಯ ಸೆಕ್ಷನ್ 10(4) ಪ್ರಕಾರ, ಅರ್ಜಿದಾರನಿಗೆ ಗೊತ್ತಿರುವ ಅತ್ಯುತ್ತಮ ವಿಧಾನವನ್ನು ವಿವರಣೆಯಲ್ಲಿ ಬರೆಯಬೇಕು. ಎರಡು ಪದರದ ರೋಲರನ್ನೇ ಕ್ಲೇಮ್ ಮಾಡಿ (ಅದರ ಮೇಲೆ ಹಕ್ಕು ಕೇಳಿ), ಪದರ ಬಿಡದಂತೆ ಹೊಯ್ಯುವ ಬಗೆ ಬಚ್ಚಿಟ್ಟರೆ ಮುಂದೆ ಎದುರಾಳಿ ಅದನ್ನೇ ಹಿಡಿದು ಪೇಟೆಂಟ್ ರದ್ದು ಮಾಡಿಸಬಹುದು. ಗುಟ್ಟು ಬೇಕೆಂದರೆ ಅದು ಕ್ಲೇಮಿನ ಕೆಲಸಕ್ಕೆ ಬೇಕಿಲ್ಲದ ಗುಟ್ಟಾಗಿರಬೇಕು. ಬಿಸಿ ಮಾಡುವ ಒಲೆಯ ಅನುಕೂಲ, ಅಚ್ಚನ್ನು ಬೇಗ ಬಿಚ್ಚುವ ಉಪಾಯ, ಇಂಥವು.

ಎಣಿಕೆ ಬರೆದಿಡಿ ಅಂದದ್ದು ಮಾತ್ರ ಚಿನ್ನದಂಥ ಮಾತು. ಗೊತ್ತಿರುವ ಸಾಧನಗಳನ್ನು ಪಕ್ಕಪಕ್ಕ ಜೋಡಿಸಿ, ಅವು ತಮ್ಮ ಪಾಡಿಗೆ ತಾವು ಹಳೆಯ ಕೆಲಸವನ್ನೇ ಮಾಡುತ್ತಿದ್ದರೆ ಸೆಕ್ಷನ್ 3(ಎಫ್) ಅದನ್ನು ಆವಿಷ್ಕಾರ ಅನ್ನುವುದಿಲ್ಲ. ಮಿಶ್ರಣಗಳಿಗೆ ಅದೇ ಮಾತು 3(ಇ)ನಲ್ಲಿದೆ. ನಿಮ್ಮ ಸ್ಪ್ರಿಂಗ್ ಮತ್ತು ಪದರ ಒಂದನ್ನೊಂದು ನೆಚ್ಚಿಕೊಂಡಿವೆ ಅಂತ ತೋರಿಸುವುದು ಆ ಎಣಿಕೆಯೇ. ಎರಡಕ್ಕೂ ಒಂದೇ ಮೂಲ ಕಲ್ಪನೆ ಇರುವುದರಿಂದ ಒಂದೇ ಅರ್ಜಿ ಸಾಕು.

ವಿಡಿಯೊ ಬೇಡ. ಅರ್ಜಿ ಹಾಕುವ ಮುಂಚೆ ಹಾಕಿದರೆ ಹೊಸತನ ಹೋಯಿತು. ಮೇಳದಲ್ಲಿ ತೋರಿಸಿದರೆ ರಿಯಾಯಿತಿ ಉಂಟು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಸೂಚಿಸಿದ ಪ್ರದರ್ಶನಗಳಿಗೆ ಮಾತ್ರ. ಪ್ರಯೋಗಕ್ಕಾಗಿ ಬಹಿರಂಗವಾಗಿ ಓಡಿಸಲೇಬೇಕಾದ ಸಂದರ್ಭಕ್ಕೆ ಸೆಕ್ಷನ್ 32ರಲ್ಲಿ ಒಂದು ವರ್ಷದ ಆಸರೆ ಇದೆ, ಆದರೆ ಅದನ್ನು ಕೊಡೆಯ ಹಾಗೆ ಹಿಡಿದುಕೊಂಡು ಹೊರಡಬೇಡಿ.

ಮೊದಲು ತಾತ್ಕಾಲಿಕ ಅರ್ಜಿ ಹಾಕಿ, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಿ. ಕರ್ನಾಟಕ ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತದೆ, ಎಲ್ಲ ಆನ್‌ಲೈನ್. ವ್ಯಕ್ತಿಗೆ ಅರ್ಜಿ ಶುಲ್ಕ 1,600 ರೂಪಾಯಿ, ಪರೀಕ್ಷೆ ಕೋರುವ ಫಾರ್ಮ್ 18ಕ್ಕೆ 4,000. 2024ರ ತಿದ್ದುಪಡಿಯ ನಂತರ ಫಾರ್ಮ್ 18ಕ್ಕೆ 31 ತಿಂಗಳ ಗಡುವು, ಮೊದಲು 48 ಇತ್ತು. ಸಿಕ್ಕರೆ ಅರ್ಜಿಯ ದಿನದಿಂದ 20 ವರ್ಷ. ಅದಕ್ಕೂ ಮೊದಲು ಹುಡುಕಿ: ಅಂತರರಾಷ್ಟ್ರೀಯ ಪೇಟೆಂಟ್ ವರ್ಗೀಕರಣದಲ್ಲಿ ಕಾಯಿ ಸುಲಿಯುವ, ಒಡೆಯುವ ಯಂತ್ರಗಳ ವರ್ಗ ಎ23ಎನ್ 5. ಅವಧಿ ಮುಗಿದ ಪೇಟೆಂಟನ್ನೂ ಓದಿ, ನಿಮ್ಮ ಸ್ಪ್ರಿಂಗ್ ತೋಳು ಅಲ್ಲೇ ಕೂತಿರಬಹುದು.

ಪುತ್ತೂರು ಕಡೆಯವ

ತುಂಬ ಉಪಕಾರ ಆಯ್ತು. ವಿಡಿಯೊ ಕ್ಯಾನ್ಸಲ್. ಎರಕದವರೇ, ಇನ್ನೊಂದು: ನನ್ನದು ಪಾಲಿಎಸ್ಟರ್ ಗ್ರೇಡಿನ ಪಿಯು. ಸಪ್ಲೈಯರ್ ಪಾಲಿಈಥರ್ ತಗೊಳ್ಳಿ ಅಂತಿದ್ದಾರೆ. ವ್ಯತ್ಯಾಸ ಬರ್ತದಾ?

ಪೀಣ್ಯ ಎರಕದವನು

ಏಜೆಂಟ್ ಮೇಡಂ ಹೇಳಿದ್ದೇ ನಡೀಲಿ, ಕಾನೂನು ಅವರದ್ದು.

ಪಾಲಿಈಥರ್ ತಗೊಳ್ಳಿ. ಪಾಲಿಎಸ್ಟರ್‌ಗೆ ಹರಿಯೋದು, ಸವೆಯೋದು ಕಮ್ಮಿ ನಿಜ, ಆದರೆ ಕರಾವಳಿಯ ಸೆಕೆ, ತೇವ ಎರಡೂ ಸೇರಿ ಅದರ ಎಸ್ಟರ್ ಕೊಂಡಿ ಬಿಡಿಸುತ್ತೆ. ಕಪಾಟಿನಲ್ಲಿಟ್ಟ ಶೂ ಸೋಲ್ ಒಂದು ದಿನ ಪುಡಿಪುಡಿ ಆಗುತ್ತಲ್ಲ, ಅದೇ ಕಾಯಿಲೆ. ಅರ್ಜಿಯಲ್ಲಿ ಮಾತ್ರ ಬರೀ ಪಾಲಿಈಥರ್ ಅಂತ ಕಟ್ಟಿಹಾಕಬೇಡಿ, ಇನ್ನೊಬ್ಬ ಪಾಲಿಎಸ್ಟರ್ ಹಾಕಿ ಮಾರ್ತಾನೆ.

ಇನ್ನೊಂದು, ಕೇಳದಿದ್ದರೂ ಹೇಳ್ತೀನಿ. ಹೊರಪದರ 60ಕ್ಕೆ ಇಳಿಸೋಕೆ ಪ್ಲಾಸ್ಟಿಸೈಸರ್ ಸುರಿದಿದ್ದೀರಾ? ಅದು ಮೆಲ್ಲಗೆ ಮೇಲಕ್ಕೆ ಬೆವರುತ್ತೆ, ಆಮೇಲೆ ಅಡಿಕೆಗೆ ಅಂಟುತ್ತೆ. ಮೋಕಾ ಅಂತೂ ಕ್ಯಾನ್ಸರ್ ತರೋ ವಸ್ತು ಅಂತ ಪಟ್ಟಿಗೆ ಸೇರಿದೆ, ಚರ್ಮದ ಮೂಲಕವೇ ಒಳಗೆ ಹೋಗುತ್ತೆ. ಕರಗಿಸುವಾಗ ಗ್ಲೌಸ್, ಮಾಸ್ಕ್ ಹಾಕಿ, ಹೊಗೆ ಎಳೆಯೋ ಫ್ಯಾನ್ ಇಲ್ಲದೆ ಕೈ ಹಚ್ಚಬೇಡಿ. ಬಾಯಿಗೆ ಹೋಗೋ ಪದಾರ್ಥದ ರೋಲರ್‌ಗೆ ಮೋಕಾ ಬದಲು ಬೇರೆ ಕ್ಯೂರೇಟಿವ್ (ಗಟ್ಟಿ ಮಾಡೋ ಕೆಮಿಕಲ್) ಇದೆಯಾ ಅಂತ ಸಪ್ಲೈಯರ್ ಹತ್ತಿರ ಬರವಣಿಗೆಯಲ್ಲಿ ಕೇಳಿ. ಅದು ಬದಲಾದರೆ ಎಣಿಕೆ ಮತ್ತೆ ಮೊದಲಿಂದ, ಹಂಗಾಗಿ ಅರ್ಜಿಗೆ ಮುಂಚೆಯೇ ಕೇಳಿ.