ಹಂದಿ ಕಂದು ಹಾಕಿದೆ, ಗಂಡಿನಿಂದಲೇ ಬಂತಾ?

ಕುಡತರಿ, ದಕ್ಷಿಣ ಗೋವಾ:
ನಮಸ್ಕಾರ. ನಮ್ಮೂರು ಹಾನಗಲ್ ಕಡೆ. ಈಗ ಮಡಗಾಂವ್ ಹತ್ತಿರ ಕುಡತರಿಯಲ್ಲಿ ಹಂದಿ ಸಾಕುತ್ತಿದ್ದೇವೆ. ನನ್ನ ಒಳ್ಳೆ ಹೆಣ್ಣು ಹೋದ ವಾರ ಕಂದು ಹಾಕಿತು. ದಿನ ತುಂಬಿರಲಿಲ್ಲ, ಮರಿಗಳ ಮೈಮೇಲೆ ಕೂದಲೂ ಬಂದಿರಲಿಲ್ಲ. ತಾಯಿಗೆ ಜ್ವರ ಇಲ್ಲ, ಮೇವು ತಿನ್ನುತ್ತಿದೆ. ಅದಕ್ಕೆ ಹಾಯಿಸಿದ ಗಂಡನ್ನೇ ಪಕ್ಕದವರ ಹೆಣ್ಣಿಗೂ ಹಾಯಿಸಿದ್ದು. ಅದು ಗಬ್ಬ ಅಂದುಕೊಂಡಿದ್ದರು, ತಿಂಗಳು ಕಳೆದು ಮತ್ತೆ ಬೆದೆಗೆ ಬಂತು. ಗಂಡಿನ ಒಂದು ಬೀಜ ಊದಿದೆ. ಔಷಧಿ ಅಂಗಡಿಯವರು ಇಂಜೆಕ್ಷನ್ ಹಾಕಿಸಿ ಅಂತಾರೆ. ಹಾಕಿಸಲಾ?

ಪೋಂಡಾ, ಪಶು ಆಸ್ಪತ್ರೆಯಲ್ಲಿ ಇದ್ದವನು:
ಬೇಡ ಅಣ್ಣ, ಮೊದಲು ರಕ್ತ ಪರೀಕ್ಷೆ. ಹೆಣ್ಣಿಗೆ ಬೆದೆ 21 ದಿನಕ್ಕೊಮ್ಮೆ ಬರುತ್ತದೆ. ತಿಂಗಳು ದಾಟಿ ಬಂದಿದೆ ಅಂದರೆ ಗಬ್ಬ ಕಟ್ಟಿ, ಯಾರಿಗೂ ಕಾಣದ ಹಾಗೆ ಇಳಿದಿರಬಹುದು. ಬೀಜವೂ ಊದಿದೆ. ಎರಡೂ ಸೇರಿದರೆ ಬ್ರುಸೆಲ್ಲಾ, ಅಂದರೆ ಕಂದು ಹಾಕಿಸುವ ಬ್ಯಾಕ್ಟೀರಿಯಾ ರೋಗದ ಅನುಮಾನ ಜಾಸ್ತಿ. ಹಂದಿಯಲ್ಲಿ ಇದು ವೀರ್ಯದಿಂದಲೇ ದಾಟುತ್ತದೆ. ಒಂದು ಗಂಡು ಇಡೀ ಕೇರಿಗೆ ಹಂಚಿಬಿಡುತ್ತದೆ. ಬಿದ್ದ ಮರಿ, ಕಸ (ಮಾಸು) ಮೂಸಿ ತಿಂದರೂ ಬರುತ್ತದೆ. ಈ ಬ್ಯಾಕ್ಟೀರಿಯಾ ಜೀವಕೋಶದ ಒಳಗೇ ಅವಿತಿರುತ್ತದೆ. ಇಂಜೆಕ್ಷನ್ ನಿಲ್ಲಿಸಿದ ಮೇಲೆ ಮತ್ತೆ ಎದ್ದುಬರುತ್ತದೆ. ಬ್ರುಸೆಲ್ಲಾಗೆ ಮಾಡುವ ರೋಸ್ ಬೆಂಗಾಲ್ ಅನ್ನೋ ರಕ್ತ ಪರೀಕ್ಷೆಯಲ್ಲಿ ಒಂದೇ ಹಂದಿಯ ಫಲಿತಾಂಶ ನಂಬಬೇಡಿ, ಗೂಡಿನ ಎಲ್ಲವುದರದ್ದೂ ಮಾಡಿಸಿ. ಕಂದು ಬಿದ್ದದ್ದನ್ನು ಬರಿಗೈಲಿ ಎತ್ತಿದ್ದೀರಾ? ಇದು ಮನುಷ್ಯರಿಗೂ ಬರುತ್ತದೆ. ಬಿಟ್ಟು ಬಿಟ್ಟು ಜ್ವರ, ಕೀಲುನೋವು, ರಾತ್ರಿ ಬೆವರು ಕಂಡರೆ ಡಾಕ್ಟರಿಗೆ ಹಂದಿ ವಿಷಯ ಹೇಳಿ.

ಕಾಣಕೋಣ:
ಲೆಪ್ಟೋ, ಅಂದರೆ ಇಲಿ ಜ್ವರ, ಮರೆಯಬೇಡಿ. ಮಳೆಗಾಲದಲ್ಲಿ ಗೂಡಿಗೆ ನೀರು ನುಗ್ಗಿ ಇಲಿ ಮೂತ್ರ ಸೇರಿದರೆ ಸಾಕು. ಆದರೆ ಅದರಲ್ಲಿ ಸಾಮಾನ್ಯವಾಗಿ ದಿನ ತುಂಬಲು ಎರಡು ಮೂರು ವಾರ ಇರುವಾಗ ಬೀಳುತ್ತದೆ, ಮರಿಗಳು ದೊಡ್ಡವಿರುತ್ತವೆ. ಲೆಪ್ಟೋಗೆ ಔಷಧಿ ಕೆಲಸ ಮಾಡುತ್ತದೆ. ಅದಕ್ಕೇ ಯಾವುದೆಂದು ತಿಳಿಯದೆ ಸುಮ್ನೆ ಚುಚ್ಚಿಸೋದು ಬೇಡ ಅನ್ನೋದು. ಇನ್ನು ಮುಂದೆ ಗಂಡು ಎರವಲು ತರಬೇಡಿ. ಹಳೆ ಗೋವಾದ ಏಲಾದಲ್ಲಿ ಐಸಿಎಆರ್‌ನ (ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ) ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಇದೆ, ಹಂದಿಗೆ ಕೃತಕ ಗರ್ಭಧಾರಣೆ ಬಗ್ಗೆ ಅಲ್ಲಿ ಕೇಳಿ.

ಕುಡತರಿ:
ಗಂಡನ್ನು ಬೇರೆ ಗೂಡಿಗೆ ಹಾಕಿದೆವು, ಪಕ್ಕದವರೂ ಒಪ್ಪಿದ್ದಾರೆ. ಕಂದು ಬಿದ್ದ ಜಾಗಕ್ಕೆ ಸುಣ್ಣ ಹಾಕಿ, ಮರಿಗಳನ್ನು ಆಳವಾಗಿ ಹೂತಿದ್ದೇವೆ, ನಾಯಿ ಎಳೆಯದ ಹಾಗೆ. ನಾಳೆ ಪಶು ವೈದ್ಯರು ರಕ್ತ ತೆಗೆಯಲು ಬರುತ್ತಾರೆ. ಆ ಹೆಣ್ಣು ನನಗೆ ಮಗಳ ಥರ, ರೋಗ ಇದೆ ಅಂತ ಬಂದು ಕಡಿಯಲು ಕೊಡಬೇಕಾಗಿ ಬಂದರೆ ಹೇಗೆ ಕೊಡಲಿ ಅನ್ನೋದೇ ಚಿಂತೆ. ಫಲಿತಾಂಶ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ.