ಹಳೇಮನೆ ಬಳಗ, ಮೂಡಿಗೆರೆ

ದೊಡ್ಡಪ್ಪ (ಹಲವು ಬಾರಿ ಫಾರ್ವರ್ಡ್ ಆಗಿದೆ): ಚರಂಡೀಲಿ ಬಿದ್ದವನು ಮಾತ್ರ ಕುಡುಕನಲ್ಲ!! ಇಸ್ತ್ರಿ ಅಂಗಿ ಹಾಕಿ ಕೆಲಸಕ್ಕೆ ಹೋಗುವವನೂ ಇರಬಹುದು. 21 ದಿನ ಮನಸ್ಸು ಗಟ್ಟಿ ಮಾಡಿದರೆ ಎಂಥಾ ಚಟವೂ ಮಾಯ. ಹತ್ತು ಜನರಿಗೆ ಕಳಿಸಿ 🙏

ಸುಮಂತ: 21 ದಿನ ಅಂತ ಯಾರು ಹೇಳಿದ್ದು ದೊಡ್ಡಪ್ಪ? ಮೂಲ?

ದೊಡ್ಡಪ್ಪ: ನಿಂಗೆ ಎಲ್ಲದಕ್ಕೂ ಮೂಲ. ಅರಿಶಿನದ್ದು ಹಾಕಿದಾಗಲೂ ಹಿಂಗೇ ಎಲ್ಲರ ಎದುರು ಮರ್ಯಾದೆ ತೆಗೆದೆ.

ಗಿರೀಶಣ್ಣ: ಇಸ್ತ್ರಿ ಅಂಗಿ ಅಂದ್ರೆ ನಮ್ ರವಿ ಭಾವನಾ 😂

ರವಿ ಭಾವ: ನಿನ್ ಮದುವೇಲಿ ಚಪ್ಪರದ ಕಂಬ ತಬ್ಕೊಂಡಿದ್ದೋರು ಯಾರು, ಫೋಟೋ ಹಾಕ್ಲಾ?

ಸುಮಂತ: ಅಂಗಿ ವಿಷಯ ಸುಳ್ಳಲ್ಲ. 1935ರಲ್ಲಿ ಅಮೆರಿಕದಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನೋ ಕುಡಿತ ಬಿಡೋರ ಸಂಘ ಕಟ್ಟಿದ ಇಬ್ಬರೂ ಕುಡುಕರೇ. ಒಬ್ಬ ಷೇರುಪೇಟೆಯವ, ಇನ್ನೊಬ್ಬ ಸರ್ಜನ್.

ಸವಿತಾ: ಮೊದಲ ಸಾಲು ಸರಿ, 21 ದಿನದ್ದು ಅಪಾಯ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದೋರು ಒಮ್ಮೆಲೇ ನಿಲ್ಲಿಸಿದ್ರೆ ಒಂದೆರಡು ದಿನದಲ್ಲೇ ಫಿಟ್ಸ್ ಬರಬಹುದು. ಆಮೇಲೆ ಇಲ್ಲದ್ದೆಲ್ಲ ಕಾಣ್ತದೆ, ಮನೆಯವರ ಗುರುತೂ ಹತ್ತಲ್ಲ, ಜೀವಕ್ಕೇ ಬರಬಹುದು. ಡಾಕ್ಟರ್ ನಿಗಾದಲ್ಲೇ ಬಿಡಿಸಬೇಕು. ಮಾತ್ರೆ, ಬಿ1 ವಿಟಮಿನ್ ಕೊಡ್ತಾರೆ. ಬಿಟ್ಟೋರು ಮತ್ತೆ ಜಾರಿದ್ರೂ ಮುಗೀತು ಅಂತಲ್ಲ, ಚಿಕಿತ್ಸೆ ಮುಂದುವರಿಸೋದು.

ಗಿರೀಶಣ್ಣ: ಮದುವೆ ಅಂದ್ರೆ ನೆನಪಾಯ್ತು. ದಿಬ್ಬಣ ಚಾರ್ಮಾಡಿ ಇಳಿಯೋ ಮುಂಚೆ ಕೊಟ್ಟಿಗೆಹಾರದಲ್ಲಿ ನೀರುದೋಸೆ! ಲೆಕ್ಕ ಇಡೋನೇ ಸುಸ್ತಾದ, ತಾತ ಸುಸ್ತಾಗ್ಲಿಲ್ಲ.

ಲಲಿತತ್ತೆ: ಅದೇನೋ ಪುಡಿ ಸಿಗ್ತದಂತೆ ಕಣೇ ಸವಿತಾ. ಗೊತ್ತಾಗದಂಗೆ ಸಾರಿಗೆ ಹಾಕಿದ್ರೆ ಆಯ್ತಂತೆ.

ಸವಿತಾ: ಬೇಡಿ ಅತ್ತೆ! ಅದರಲ್ಲಿ ಡೈಸಲ್ಫಿರಾಮ್ ಅನ್ನೋ ಕುಡಿತ ಬಿಡಿಸೋ ಮದ್ದೇನಾದ್ರೂ ಇದ್ರೆ, ಅದರ ಮೇಲೆ ಕುಡಿದ್ರೆ ಬಿಪಿ ಬಿದ್ದು ಪ್ರಾಣಕ್ಕೆ ಕುತ್ತು. ಕುಡಿಯೋರು ತಿಳಿದು ಒಪ್ಪಿ, ಡಾಕ್ಟರ್ ಬರೆದುಕೊಟ್ರೆ ಮಾತ್ರ ಅದು ಔಷಧಿ. ಅಷ್ಟುದ್ದ ಬರೆದೆ, ಬಂದದ್ದು ಒಂದೇ ಹೆಬ್ಬೆಟ್ಟು.

ಲಲಿತತ್ತೆ: ಅದೂ ಪಾಪು ಒತ್ತಿದ್ದು 😄

ದೊಡ್ಡಪ್ಪ: ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಸೇರಿಸಿ. ಮುಖ್ಯವಾಗಿ ಸಂಸ್ಕಾರ ಬೇಕು.

ಸುಮಂತ: ಕಾಫಿ ಕೊಯ್ಲಲ್ಲಿ 'ಚಳಿಗೆ' ಅಂತ ಎರಡು ಪೆಗ್ ಇಳಿಸೋದು ಯಾವ ಸಂಸ್ಕಾರ? ಇಷ್ಟು ಕುಡಿದ್ರೆ ತೊಂದರೆ ಇಲ್ಲ ಅನ್ನೋ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ.

ದೊಡ್ಡಪ್ಪ: ಮೂಲ ಕೇಳೋನೇ, ಪಾಲಿನ ವರ್ಷ ಕಣದಲ್ಲಿದ್ದ ಮೆಣಸಿನ ಮೂಟೆ ಎಲ್ಲಿ ಹೋಯ್ತು ಅಂತ ನಿಮ್ಮಪ್ಪನ್ನ ಕೇಳು.

ಸುಮಂತ: ಅಪ್ಪನ್ನ ಯಾಕೆ ಎಳೀತೀರಿ?

ಶಾರದ ಚಿಕ್ಕಮ್ಮ: ಸವಿತಾ, ಕೈ ನಡುಗೋದು ಬೆಳಿಗ್ಗೆ ಮಾತ್ರ ಇದ್ರೆ? ಕಾಫಿ ಲೋಟ ಎರಡೂ ಕೈಲಿ ಹಿಡೀತಾರೆ. ಹತ್ತು ಗಂಟೆಗೆಲ್ಲ ಸರಿ ಹೋಗ್ತದೆ. ಗೋಡೌನಿಗೆ ಹೋಗಿ ಬಂದ್ಮೇಲೆ.

ಈ ಸಂದೇಶವನ್ನು ಅಳಿಸಲಾಗಿದೆ

ಗಿರೀಶಣ್ಣ: ಏನ್ ಅಳಿಸಿದ್ರಿ ಚಿಕ್ಕಮ್ಮ?

ಶಾರದ ಚಿಕ್ಕಮ್ಮ: ಏನಿಲ್ಲಪ್ಪ, ಕೈತಪ್ಪಿ ಬಂತು.

ಸವಿತಾ: ಯಾರಿಗಾದ್ರೂ ಬೇಕಾಗ್ತದೆ, ಬರ್ಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸಲ್ಲಿ ಇದಕ್ಕೇ ಅಂತ ಬೇರೆ ವಿಭಾಗ ಇದೆ. ಅಲ್ಲೀವರೆಗೆ ಬಾಟ್ಲಿ ಕಸ್ಕೊಂಡು ಚೆಲ್ಲೋಕೆ ಹೋಗ್ಬೇಡಿ. ನಾನು ಸಂಜೆ ಡ್ಯೂಟಿ ಮುಗಿಸಿ ಫ್ರೀ.

ರವಿ ಭಾವ: ಆ ಮೆಣಸು ಮೂರು ಮೂಟೆ. ನಾನೇ ಜೀಪಿಗೆ ಹಾಕಿದ್ದು.

ನಾಗೇಶ ಚಿಕ್ಕಪ್ಪ: ಒಳ್ಳೆ ಸಂದೇಶ ಅಣ್ಣ 🙏 ಆಳುಗಳ ಬಟವಾಡೆ ಇತ್ತು, ಈಗ ನೋಡಿದೆ.

ದೊಡ್ಡಪ್ಪ: ನೋಡಿ ಕಲಿ ಸುಮಂತ. ನಾಗೇಶ ಒಂದು ವಾರ ಬಟವಾಡೆ ತಪ್ಪಿಸಿದೋನಲ್ಲ. ಆ ಮೆಣಸಿನ ಲೆಕ್ಕವೂ ಅವನ ಹತ್ರ ಇದೆ, ಕೇಳು.